ಗೆಟ್ಟಿನ ಮಗ್ಗಿ

ನಮ್ಮ ಅಪ್ಪಯ್ಯನ ಲೆಕ್ಕದಲ್ಲಿ ಇಂಗ್ಲಿಷು ಭತ್ತದಂಥದೇ ಒಂದು ಬೆಳೆ. ಮಳೆ ಹಿಡಿದಾಗ ಬಿತ್ತಿದರೆ ಸುಗ್ಗಿಯ ಹೊತ್ತಿಗೆ ಕೊಯ್ದು ಕಣಕ್ಕೆ ಹಾಕಬಹುದು. ಹಾಗಾಗಿ ಸೊರಬದ ಕಡೆಯ ನಮ್ಮ ಹಳ್ಳಿಯಿಂದ ನನ್ನನ್ನು ಶಿಕಾರಿಪುರದ ಅತ್ತೆಯ ಮನೆಗೆ ತಂದುಬಿಟ್ಟ ದಿನ, ಜಗಲಿಯ ಮೇಲೆ ನಿಂತುಕೊಂಡೇ ಕರಾರು ಹೇಳಿಬಿಟ್ಟ.

"ಸುಗ್ಗಿಗೆ ಬಂದು ಕರ್ಕಂಡು ಹೋಗ್ತೀನಿ. ಅಷ್ಟ್ರೊಳಗೆ ಇಂಗ್ಲಿಷು ಮುಗ್ಸಿಟ್ಕಾ."

ಅತ್ತೆ ಅಂದರೆ ಅಪ್ಪಯ್ಯನ ತಂಗಿ. ಹುಟ್ಟಿದ್ದು ನಮ್ಮ ಮನೆಯಲ್ಲೇ ಆದರೂ ಶಿಕಾರಿಪುರದ ನೀರು ಕುಡಿದು ಮಾತೆಲ್ಲ ಬಯಲುಸೀಮೆಯದಾಗಿತ್ತು. "ಮುಗಿಸ್ತಾಳ ಬಿಡಣ್ಣಾ, ಏನ್ ಮಹಾ ಐತಿ ಅದ್ರಾಗ" ಎಂದು ಧೈರ್ಯ ಹೇಳಿದಳು. ಅತ್ತೆಗೆ ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ. ಧೈರ್ಯ ಅಲ್ಲಿಂದಲೇ ಬಂದದ್ದು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸುವವರು ಕಡಿಮೆ. ಅಪ್ಪಯ್ಯ ನನ್ನನ್ನು ಕಳಿಸಿದ್ದು ಸುಧಾರಣೆಯ ಹುರುಪಿನಿಂದಲ್ಲ, ಒಂದು ತಂತಿಯ ದೆಸೆಯಿಂದ. ಆಗ ತಂತಿ ಬಂತೆಂದರೆ ಯಾರೋ ಹೋದರು ಎಂದೇ ಅರ್ಥ. ನಮ್ಮ ಮನೆಗೆ ತಂತಿ ಬಂದ ದಿನ ಅದನ್ನು ಓದಲು ಊರಿನಲ್ಲಿ ಒಬ್ಬರೂ ಇರಲಿಲ್ಲ, ಅಳಲು ಮಾತ್ರ ಇಡೀ ಕೇರಿ ಇತ್ತು. ಸತ್ತದ್ದು ಯಾರಿರಬಹುದು ಎಂದು ಹೆಂಗಸರೇ ಚರ್ಚೆ ಮಾಡಿ, ಸಾಗರದಲ್ಲಿದ್ದ ನನ್ನ ಸೋದರಮಾವ ಎಂದು ತೀರ್ಮಾನಿಸಿ, ಅವನ ಗುಣಗಾನ ಶುರುಮಾಡಿದರು. ಅಮ್ಮ ಒಲೆ ಆರಿಸಿದಳು. ಅಪ್ಪಯ್ಯ ತಂತಿ ಹಿಡಿದು ಜಡೆ ಊರಿನವರೆಗೆ ನಡೆದು, ಅಲ್ಲಿ ಬಸ್ಸು ಹತ್ತಿ ಸೊರಬಕ್ಕೆ ಹೋಗಿ ಓದಿಸಿಕೊಂಡು ಬಂದ. ಸೋದರಮಾವನಿಗೆ ಗಂಡುಮಗು ಹುಟ್ಟಿತ್ತು. ಆಮೇಲೆ ಎಷ್ಟೋ ವರ್ಷ ಆ ಮಾವ ನಮ್ಮ ಮನೆಗೆ ಬಂದಾಗಲೆಲ್ಲ, ಎಲೆ ಮುಂದೆ ಕೂತು, "ಅಕ್ಕಾ, ನಾ ಸತ್ತಾಗ ಕೇರಿಯೋರು ಎಂತೆಂತ ಹೊಗಳಿದ್ರು, ಇನ್ನೊಂದ್ಸಲ ಹೇಳು" ಎನ್ನುತ್ತಿದ್ದ.

ಅಪ್ಪಯ್ಯನಿಗೆ ಮಾತ್ರ ಅದು ನಗುವ ವಿಷಯವಾಗಲಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ತಂತಿ ಓದುವಷ್ಟು ಇಂಗ್ಲಿಷು ಬರಬೇಕು ಎಂದು ಹಟ ಹಿಡಿದ. ತಮ್ಮಂದಿರು ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಕಲಿಯುತ್ತಿದ್ದರು. ಉಳಿದವಳು ನಾನು.

ನನಗೆ ಇಂಗ್ಲಿಷಿನ ಮೇಲೆ ಪ್ರೀತಿ ಗೀತಿ ಇರಲಿಲ್ಲ. ಪ್ರೀತಿ ಇದ್ದದ್ದು ಹೈಸ್ಕೂಲಿನ ಮೇಲೆ. ಅದನ್ನು ಪೂರ್ತಿ ಓದಬೇಕು, ಆಮೇಲೆ ಟೀಚರಾಗಬೇಕು ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದೆ. ವಿದ್ಯಾದಾನ ಮಾಡುವ ಆಸೆ ಎಂದು ತಿಳಿಯಬೇಡಿ. ಬೆತ್ತ ಹಿಡಿಯುವ ಆಸೆ. ಊರಿಗೆ ವಾಪಸು ಹೋದರೆ ಬೆತ್ತವೂ ಇಲ್ಲ, ಬೆಂಚೂ ಇಲ್ಲ. ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ ನಮ್ಮ ಕಡೆ ಜನರಿಗೆ ಹೆಣ್ಣುಮಕ್ಕಳ ನೆನಪಾಗುತ್ತದೆ. ನನ್ನ ಜೊತೆ ಕುಂಟೆಬಿಲ್ಲೆ ಆಡಿದವರೆಲ್ಲ ಹಿಂದಿನ ಸುಗ್ಗಿಯಲ್ಲೇ ಒಬ್ಬೊಬ್ಬರಾಗಿ ಮದುವೆಯಾಗಿ ಹೋಗಿದ್ದರು. ಅಪ್ಪಯ್ಯ ಸುಗ್ಗಿಗೆ ಬಂದು ನನ್ನನ್ನು ಕರೆದುಕೊಂಡು ಹೋದನೆಂದರೆ ಮುಗಿಯಿತು ಎಂಬುದು ನನಗೂ ಗೊತ್ತು, ಅತ್ತೆಗೂ ಗೊತ್ತು.

ಅದಕ್ಕೆ ನಾನು ಮಾಡಿಕೊಂಡ ಉಪಾಯ ಹೀಗಿತ್ತು: ಇಂಗ್ಲಿಷು ಬೇಗ ಮುಗಿಸಿ ಅಪ್ಪಯ್ಯನನ್ನು ಬೆರಗುಗೊಳಿಸುವುದು. ಬೆರಗಾದವನು 'ಇಂಥ ಬುದ್ಧಿವಂತೆಯನ್ನು ಒಲೆ ಮುಂದೆ ಕೂರಿಸುವುದೆ' ಎಂದು ಇಲ್ಲೇ ಬಿಡುತ್ತಾನೆ. ಬೇಗ ಮುಗಿಸಿದರೆ ಬೇಗ ಕರೆದುಕೊಂಡು ಹೋಗಬಹುದು ಎಂಬುದು ಬುದ್ಧಿವಂತೆಯ ತಲೆಗೆ ಹೊಳೆಯಲಿಲ್ಲ.

ನಮ್ಮ ಇಂಗ್ಲಿಷು ಮೇಷ್ಟರು ಕರಿ ಕೋಟಿನ ತೆಳ್ಳನೆಯ ಮನುಷ್ಯ. ಒಂದು ದಿನ ಅವರು ಬೋರ್ಡಿನ ಮೇಲೆ ಗೆಟ್ ಎಂದು ದಪ್ಪಗೆ ಬರೆದು, ಅದರ ಸುತ್ತ ಅಪ್, ಡೌನ್, ಇನ್, ಔಟ್ ಎಂದು ಮರಿಗಳನ್ನು ಬರೆದರು. "ಇದು ಉಪ್ಪಿನ ಥರದ್ದು ಕಣ್ರಮ್ಮಾ. ಎಲ್ಲ ಅಡಿಗೇಲೂ ಬೀಳ್ತೈತಿ, ಒಂದೊಂದ್ರಾಗ ಒಂದೊಂದು ರುಚಿ. ಈ ಪದ ಒಂದು ಹಿಡುದ್ರೆ ಅರ್ಧ ಇಂಗ್ಲಿಷು ಹಿಡಿದಂಗೆ" ಎಂದರು.

ಹುಡುಗಿಯರೆಲ್ಲ ತಲೆಯಾಡಿಸಿದರು. ನಾನು ಲೆಕ್ಕ ಹಾಕಿದೆ. ಒಂದು ಪದಕ್ಕೆ ಅರ್ಧ ಇಂಗ್ಲಿಷಾದರೆ ಇಂಥ ಎರಡು ಪದಕ್ಕೆ ಪೂರ್ತಿ. ನಾಟಿ ಮುಗಿಯುವುದರೊಳಗೆ ಒಂದು, ಕೊಯ್ಲಿಗೆ ಮೊದಲು ಇನ್ನೊಂದು. ಇಷ್ಟು ಸುಲಭದ ದಾರಿ ಇರುವಾಗ ಉಳಿದವರು ಯಾಕೆ ಪಾಠದ ಪುಸ್ತಕವನ್ನೆಲ್ಲ ಓದುತ್ತಾರೋ ಎಂದು ಅವರ ಮೇಲೆ ಕನಿಕರ ಬಂತು.

ಕಲಿಯುವುದು ಹೇಗೆ ಎಂಬ ಪ್ರಶ್ನೆಯೇ ಬರಲಿಲ್ಲ. ನಮ್ಮ ಕಾಲದಲ್ಲಿ ಕಲಿಯುವುದಕ್ಕೆ ಇದ್ದದ್ದು ಒಂದೇ ರೀತಿ. ದೀಪ ಹಚ್ಚಿದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೈ ಹಿಂದೆ ಮುಂದೆ ತೂಗುತ್ತಾ ಮಗ್ಗಿ ಹೇಳುವುದು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಬಾಯಿಗೆ ಬಂದದ್ದು ತಲೆಗೂ ಬಂತು ಎಂದು ಎಲ್ಲರ ನಂಬಿಕೆ. ನಾನು ಗೆಟ್ಟಿಗೂ ಒಂದು ಮಗ್ಗಿ ಕಟ್ಟಿದೆ. ಮೇಷ್ಟರು ಬರೆದದ್ದು, ಪಾಠದಲ್ಲಿ ಸಿಕ್ಕಿದ್ದು, ಮೇಲಿನ ಕ್ಲಾಸಿನ ಹುಡುಗಿಯರಿಂದ ಕೇಳಿದ್ದು ಎಲ್ಲ ಸೇರಿಸಿದೆ. ಸುಮ್ಮನೆ ಹೇಗೆ ಹೇಗೋ ಅಲ್ಲ. ಒಬ್ಬ ಮನುಷ್ಯನ ಜೀವನ ನಡೆಯುವ ಹಾಗೆ ಸಾಲಾಗಿ ಜೋಡಿಸಿದೆ. ಗೆಟ್ ಅಪ್ ಅಂದ್ರೆ ಏಳು. ಗೆಟ್ ರೆಡಿ ಅಂದ್ರೆ ತಯಾರಾಗು. ಎದ್ದು ತಯಾರಾದವನು ಬಸ್ಸು ಹತ್ತಬೇಕಲ್ಲ, ಗೆಟ್ ಆನ್ ಅಂದ್ರೆ ಹತ್ತು. ಬಸ್ಸಿನಲ್ಲಿ ನೂಕುನುಗ್ಗಲು, ಗೆಟ್ ಆಂಗ್ರಿ ಅಂದ್ರೆ ಸಿಟ್ಟಾಗು. ಹೊರಗೆ ಮಳೆ, ಗೆಟ್ ವೆಟ್ ಅಂದ್ರೆ ನೆನೆ. ಹೀಗೆ ಅವನು ದಾರಿ ತಪ್ಪಿ, ಕಾಯಿಲೆ ಬಿದ್ದು, ಹುಷಾರಾಗಿ, ಮದುವೆಯಾಗಿ, ಮುದುಕನಾಗಿ, ಕಟ್ಟಕಡೆಗೆ ಗೆಟ್ ಡೌನ್, ಬಸ್ಸಿನಿಂದ ಇಳಿಯುತ್ತಾನೆ. ಒಂದೇ ಬೆರಳಲ್ಲಿ ಈ ಫೋನು ಕುಟ್ಟುತ್ತಿರುವುದರಿಂದ ನಡುವಿನ ಕಷ್ಟಗಳನ್ನೆಲ್ಲ ಬಿಟ್ಟಿದ್ದೇನೆ.

ಅತ್ತೆ ಅಡಿಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಒಂದು ವಾರವಾದ ಮೇಲೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

"ಯಾವ್ ದೇವ್ರಿಂದೇ ಅದು?"

"ದೇವರದ್ದಲ್ಲ ಅತ್ತೆ, ಇಂಗ್ಲಿಷು."

"ಹೌದೇನು? ಕೇಳಾಕ ಚಲೋ ಐತಿ. ದೀಪದ ಮುಂದ ಹೇಳ್ತಿದ್ದೀ, ಕಡೀಗೆ ಒಂದು ಕೈ ಮುಗಿ, ಸುಮ್ನೆ ಯಾಕ ದೋಷ."

ಅಂದಿನಿಂದ ನನ್ನ ಗೆಟ್ ಡೌನ್ ಆದ ತಕ್ಷಣ ಅತ್ತೆಯೂ ನಾನೂ ದೀಪಕ್ಕೆ ಕೈ ಮುಗಿಯುತ್ತಿದ್ದೆವು.

ಶಾಲೆಯಲ್ಲಿ ಮಾತ್ರ ಈ ವಿದ್ಯೆ ಅಷ್ಟು ಚಲೋ ನಡೆಯಲಿಲ್ಲ. ಮೇಷ್ಟರು ಒಂದು ದಿನ ನನ್ನನ್ನು ಎಬ್ಬಿಸಿ, "ಗೆಟ್ ವೆಲ್ ಅಂದ್ರೇನಮ್ಮಾ?" ಎಂದು ಕೇಳಿದರು. ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಮಗ್ಗಿಯೊಳಗೆ ಇತ್ತು. ಮಗ್ಗಿ ಶುರುವಾಗುವುದು ಮೊದಲಿನಿಂದ. ನಾನು ಕಣ್ಣು ಮುಚ್ಚಿ, ಮೈ ತೂಗಿ, "ಗೆಟ್ ಅಪ್ ಅಂದ್ರೆ ಏಳು, ಗೆಟ್ ರೆಡಿ ಅಂದ್ರೆ ತಯಾರಾಗು" ಎಂದು ಹೊರಟೆ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಶುರುವಾಯಿತು. ಮೇಷ್ಟರು ಸುಮ್ಮನೆ ಕಾದರು. ನಾನು ಹತ್ತಿ, ಸಿಟ್ಟಾಗಿ, ನೆನೆದು, ಕಳೆದುಹೋಗಿ, ಕಾಯಿಲೆ ಬಿದ್ದು, ಕೊನೆಗೆ ಹುಷಾರಾಗುವ ಹೊತ್ತಿಗೆ ಗಂಟೆ ಹೊಡೆಯಿತು.

"ಏಳೆಂಟ್ಲ ಎಷ್ಟು ಅಂದ್ರೆ ಏಳೊಂದ್ಲ ಏಳರಿಂದ ಹೊರಡೋ ಪೈಕಿ ನೀನು" ಎಂದರು ಮೇಷ್ಟರು. "ಹುಷಾರಾಗೋದ್ರೊಳಗೆ ರೋಗಿ ತೀರ್ಕೊಂಡಿರ್ತಾನೆ."

ನನಗೆ ನಾಚಿಕೆಯಾಗಬೇಕಿತ್ತು. ಆದರೆ ಅಷ್ಟುದ್ದ ತಪ್ಪಿಲ್ಲದೆ ಹೇಳಿದ್ದಕ್ಕೆ ಒಳಗೊಳಗೇ ಹೆಮ್ಮೆಯಾಯಿತು. ಎರಡನೆಯ ಪದದ ವಿಷಯ ಮರೆತೇ ಹೋಯಿತು. ಒಂದನ್ನೇ ದಿನಾ ತೊಳೆದು ಬೆಳಗುತ್ತಾ ಕೂತೆ.

ಸುಗ್ಗಿ ಬಂತು. ಅಪ್ಪಯ್ಯನೂ ಬಂದ, ತಲೆಗೆ ಟವೆಲು ಸುತ್ತಿಕೊಂಡು, ಹೊಸ ಅಕ್ಕಿಯ ಗಂಟು ಹೊತ್ತು. ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು. ಅತ್ತೆ ನನ್ನ ಪರವಾಗಿ ಎಷ್ಟು ಹೇಳಬಹುದೋ ಅಷ್ಟೂ ಹೇಳಿದಳು.

"ವರ್ಷ ಪೂರ್ತಿ ಮಾಡ್ಲಿ ಬಿಡಣ್ಣಾ. ನಡುವ ಯಾಕ ಎಳಕೊಂಡ್ ಹೋಗ್ತಿ?"

"ಮಾತು ಆಗಿತ್ತಲ್ಲೇ. ಸುಗ್ಗಿವರೆಗೆ ಅಂದಿದ್ದೆ. ಮುಗೀತೇನೇ ಇಂಗ್ಲಿಷು?" ಎಂದು ನನ್ನ ಕಡೆ ತಿರುಗಿದ.

ಬೆರಗುಗೊಳಿಸುವ ಸಮಯ. ನಾನು ಚಕ್ಕಳಮಕ್ಕಳ ಹಾಕಿ ಕೂತು ಮಗ್ಗಿಯನ್ನು ಎಲ್ಲೂ ಎಡವದೆ ಕಡೆಯವರೆಗೆ ಹೇಳಿದೆ. ಅತ್ತೆ ಅಭ್ಯಾಸಬಲದಿಂದ ಕೈ ಮುಗಿದಳು. ಅಪ್ಪಯ್ಯ ನಿಜಕ್ಕೂ ಬೆರಗಾದ.

"ಭೇಷ್! ಮುಗ್ದೇ ಹೋಯ್ತಲ್ಲ. ನಡಿ ಹಂಗಾರೆ, ಟ್ರಂಕು ತುಂಬ್ಕಾ."

ಅತ್ತೆ ನನ್ನ ಮುಖ ನೋಡಿದಳು. ಅದೇ ಮೊದಲ ಸಲ ನನ್ನ ಉಪಾಯದ ಬುಡದಲ್ಲಿದ್ದ ತೂತು ನನಗೆ ಕಂಡದ್ದು. ಅತ್ತರೆ ಮುಗಿಸಿದ್ದು ಸುಳ್ಳಾಗುತ್ತದೆ, ಅಳದಿದ್ದರೆ ಬಸ್ಸು ಹತ್ತಬೇಕು. ಟ್ರಂಕಿಗೆ ಬಟ್ಟೆ ತುಂಬುತ್ತಾ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಮಾರನೆಯ ಬೆಳಿಗ್ಗೆ ಸೊರಬದ ಬಸ್ಸು. ಟ್ರಂಕು ಮೇಲೆ ಹೋಯಿತು. ಅಪ್ಪಯ್ಯ ಹಿಂದೆ ಗಂಡಸರ ಜೊತೆ ಕೂತ. ನನಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ಪಕ್ಕದಲ್ಲಿ ನಾನು ಅದುವರೆಗೆ ನೋಡಿರದಂಥ ಒಬ್ಬ ಹೆಂಗಸು. ಹಣೆಯ ಹತ್ತಿರ ನರೆ ಬಂದಿತ್ತು. ಬಿಳಿ ನೂಲಿನ ಸೀರೆ, ಗಂಡಸರು ಹಾಕುವಂಥ ದಪ್ಪ ಚಪ್ಪಲಿ, ಕೊರಳಿನಲ್ಲಿ ತಾಳಿ ಇರಬೇಕಾದ ಕಡೆ ಕ್ಯಾಮೆರಾ. ಕಾಲ ಬುಡದಲ್ಲಿ ಒಂದು ಚರ್ಮದ ಚೀಲ, ಒಂದು ಕೊಡೆ. ಉತ್ತರ ಹಿಂದೂಸ್ತಾನದ ಕಡೆಯವರು, ಹಳೆಯ ಗುಡಿ, ಶಾಸನದ ಕಲ್ಲು ನೋಡುತ್ತಾ ತಿರುಗುವವರು ಎಂಬುದು ಆಮೇಲೆ ತಿಳಿಯಿತು. ಅವರಿಗೆ ಬರುತ್ತಿದ್ದ ಕನ್ನಡ ಅಂದರೆ 'ನೀರು' ಮತ್ತು 'ಸಾಕು'. ನನ್ನ ಇಂಗ್ಲಿಷಿಗೆ ಹೋಲಿಸಿದರೆ ಅದೇ ವಾಸಿ, ಎರಡೂ ಕೆಲಸಕ್ಕೆ ಬರುವ ಪದಗಳು.

ಶಿರಾಳಕೊಪ್ಪದಲ್ಲಿ ಸಂತೆಗೆ ಬಂದವರು ಒಂದಷ್ಟು ಜನ ಹತ್ತಿದರು. ಒಬ್ಬನ ಬುಟ್ಟಿಯ ಕೋಳಿಗಳು ಬಿಚ್ಚಿಕೊಂಡು ಸೀಟುಗಳ ಕೆಳಗೆ ನುಗ್ಗಿದವು. ಬಸ್ಸು ಹೊರಟಾಗ ಕಂಡಕ್ಟರು ಮಂಡಿಯೂರಿ ಕೋಳಿ ಹಿಡಿಯುತ್ತಿದ್ದ. ಆಗ ಪಕ್ಕದ ಹೆಂಗಸು ನನ್ನ ಭುಜ ಮುಟ್ಟಿ ಕೇಳಿದರು:

"ವೇರ್ ಡು ಐ ಗೆಟ್ ಡೌನ್ ಫಾರ್ ಬಳ್ಳಿಗಾವಿ?"

ಗೆಟ್! ಇಷ್ಟು ದಿನ ನಾನು ಯಾವ ಪದವನ್ನು ಎಣ್ಣೆ ಹಚ್ಚಿ ಸಾಕಿದ್ದೆನೋ ಅದು ನಿಜವಾದ ಮನುಷ್ಯರೊಬ್ಬರ ಬಾಯಿಂದ ಬಂದಿತ್ತು. ಗೆಟ್ ಡೌನ್. ಅದಕ್ಕೆ ಅರ್ಥ ಇದೆ, ನನಗೆ ಗೊತ್ತಿದೆ. ಕಣ್ಣು ಮುಚ್ಚಿ ಮನಸ್ಸಿನೊಳಗೇ ಹೊರಟೆ. ಗೆಟ್ ಅಪ್ ಅಂದ್ರೆ ಏಳು. ಬಸ್ಸು ಕೆರೆ ಏರಿ ದಾಟಿತು. ಗೆಟ್ ರೆಡಿ. ಗೆಟ್ ಆನ್. ಕಣ್ಣು ಬಿಟ್ಟಾಗ ಹುಲ್ಲಿನ ಬಣವೆಗಳು ಹಿಂದೆ ಓಡುತ್ತಿದ್ದವು. ಗೆಟ್ ಆಂಗ್ರಿ ಎನ್ನುವಾಗ ಒಂದು ಕೋಳಿ ನನ್ನ ಪಾದದ ಮೇಲೆ ಹಾರಿತು, ತಾಳ ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದೆ. ಬಳ್ಳಿಗಾವಿಯ ದಾರಿ ಒಡೆಯುವ ಜಾಗ ಬಂತು, ಹೋಯಿತು. ನಾನಾಗ ಮದುವೆಯಾಗುತ್ತಿದ್ದೆ.

ಇಂಗ್ಲಿಷು ಬಾರದ ಯಾರಾದರೂ ಆಗಿದ್ದರೆ ಬಳ್ಳಿಗಾವಿ ಎಂಬ ಒಂದು ಪದ ಕೇಳಿಯೇ ಕೈ ತೋರಿಸಿಬಿಡುತ್ತಿದ್ದರು. ನನಗೆ ಇಂಗ್ಲಿಷು ಬರುತ್ತಿತ್ತಲ್ಲ.

"ಇಳಿ!" ಎಂದು ಒಮ್ಮೆಲೇ ಕೂಗಿದೆ. "ಇಳೀರಿ, ಇಳೀರಿ! ಬಳ್ಳಿಗಾವಿ!"

ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರು ಬಗಲಲ್ಲಿ ಒಂದು ಕೋಳಿ ಹಿಡಿದುಕೊಂಡೇ ಎದ್ದು ನಿಂತ. "ಬಳ್ಳಿಗಾವಿ ಯಾವಾಗೋ ಹೋತಲ್ಲವಾ! ಮದ್ಲ ಹೇಳಾಕ ಏನಾಗಿತ್ತು ನಿಂಗ?"

ಹಿಂದಿನಿಂದ ಅಪ್ಪಯ್ಯ ಬಂದ. ಸಂಗತಿ ತಿಳಿದು ಅವನ ಮುಖ ಸಣ್ಣದಾಯಿತು. ದೂರದಿಂದ ಬಂದ ಹೆಂಗಸು, ಒಬ್ಬಂಟಿ, ದಾರಿ ಕೇಳಿದ್ದಾರೆ, ಕೇಳಿಸಿಕೊಂಡ ಮಗಳು ದಾರಿ ತಪ್ಪಿಸಿದ್ದಾಳೆ. ನಮ್ಮ ಕಡೆ ಅದು ಸಣ್ಣ ಮಾತಲ್ಲ.

"ಇಳಿಯೇ ನೀನೂ" ಎಂದ. ಆ ಚರ್ಮದ ಚೀಲವನ್ನು ತಾನೇ ಎತ್ತಿಕೊಂಡ. ಕಂಡಕ್ಟರನಿಗೆ, "ಮೇಲೆ ನಮ್ದೊಂದು ಟ್ರಂಕು ಐತೆ ಮಾರಾಯ, ಸೊರಬ ಸ್ಟ್ಯಾಂಡಿನ ಚಾದಂಗಡೀಲಿ ಇಳ್ಸಿಡು, ಹಿಂದಿನ ಬಸ್ಸಿಗೆ ಬರ್ತೀವಿ" ಎಂದ. ಬಸ್ಸು ಹೋಯಿತು. ಕೊಯ್ದ ಗದ್ದೆಗಳ ನಡುವೆ ನಾವು ಮೂವರು ನಿಂತಿದ್ದೆವು.

ಗದ್ದೆಯ ಮೇಲಿಂದ ಅಡ್ಡ ಹಾದಿ ಹಿಡಿದೆವು. ಅಪ್ಪಯ್ಯ ಮುಂದೆ, ಅವರು ನಡುವೆ, ನಾನು ಹಿಂದೆ. ಕೊಯ್ದ ಪೈರಿನ ಕೂಳೆ ಚುಚ್ಚುತ್ತಿತ್ತು. ಆ ಹೆಂಗಸು ಕೊಂಚವೂ ಬೇಸರಿಸಿಕೊಳ್ಳದೆ ಅತ್ತಿತ್ತ ನೋಡುತ್ತಾ ಕೇಳಿದರು:

"ಡಿಡ್ ವಿ ಗೆಟ್ ಲಾಸ್ಟ್?"

"ಎಂತಂತೆ?" ಎಂದ ಅಪ್ಪಯ್ಯ ತಿರುಗದೆಯೇ.

ಮಗ್ಗಿ ಓಡಿಸಿದೆ. ನಡೆಯುವಾಗ ಮೈ ತಾನಾಗಿ ತೂಗುವುದರಿಂದ ಬೇಗ ಬಂತು. "ದಾರಿ ತಪ್ಪಿದ್ವಾ ಅಂತಾರೆ."

"ತಪ್ಪಿಸ್ದೋರು ಯಾರು ಅಂತ್ಲೂ ಹೇಳು ಅವರಿಗೆ."

"ಐ ಗೆಟ್ ಲಾಸ್ಟ್ ಯು" ಎಂದೆ, ನನ್ನನ್ನೇ ತೋರಿಸಿಕೊಂಡು.

ಅವರು ಒಂದು ಗಳಿಗೆ ನಿಂತು, ನನ್ನ ಮುಖ ನೋಡಿ, ಗಟ್ಟಿಯಾಗಿ ನಕ್ಕರು. "ಓ, ಐ ಗೆಟ್ ಇಟ್!" ಎಂದರು.

"ಈಗೆಂತಂತೆ?"

"ಏನೋ ಸಿಕ್ತಂತೆ."

ಅಪ್ಪಯ್ಯ ತಟ್ಟನೆ ನಿಂತು ನೆಲ ನೋಡಿದ. ಅವರು ಗುಡಿ ಹುಡುಕಿಕೊಂಡು ಬಂದವರು, ಗದ್ದೆಯಲ್ಲಿ ಎಂಥದೋ ಹಳೇ ಕಲ್ಲೋ ನಾಣ್ಯವೋ ಕಂಡಿರಬೇಕು ಎಂದು ಅವನ ಎಣಿಕೆ. ನಾನೂ ಬಗ್ಗಿ ಹುಡುಕಿದೆ. ನಮ್ಮನ್ನು ನೋಡಿ ಆ ಹೆಂಗಸೂ ಬಗ್ಗಿದರು. ಮೂವರೂ ಕೂಳೆಯ ಸಂದಿಯಲ್ಲಿ ಸ್ವಲ್ಪ ಹೊತ್ತು ಹುಡುಕಿದೆವು.

"ಎಲ್ಲಿ ಸಿಕ್ತು ಕೇಳೇ?"

"ಏನೂ ಸಿಕ್ಕಿಲ್ಲ ಅಪ್ಪಯ್ಯ. ಆದ್ರೂ ಸಿಕ್ತು ಅಂತಾರೆ."

"ನೀ ಹೇಳಾದು ಸಮ ಐತನಾ?"

ನನಗೂ ಅದೇ ಅನುಮಾನ ಶುರುವಾಗಿತ್ತು. ಗೆಟ್ ಇಟ್ ಅಂದರೆ 'ತಿಳಿಯಿತು' ಎಂಬುದು ಮಗ್ಗಿಯಲ್ಲಿ ಇರಲೇ ಇಲ್ಲ. ನಾನು ಬರೀ ಗೆಟ್ಟಿನ ಮೇಲೆ ಅಂದಾಜು ಕಟ್ಟಿದ್ದೆ. ಗದ್ದೆ ದಾಟಿ ಹಾದಿಗೆ ಬರುವಷ್ಟರಲ್ಲಿ ಅವರು ಅದೇ ಪದವನ್ನು ಇನ್ನೂ ಏನೇನೋ ಮಾಡಿದರು. ಬಿಸಿಲು ಏರುವುದೂ ಗೆಟ್, ಗುಡಿಯ ಹತ್ತಿರ ಮುಟ್ಟುವುದೂ ಗೆಟ್, ಕಾಲಿಗೆ ಹೊಕ್ಕ ಮುಳ್ಳು ತೆಗೆಯುವುದೂ ಗೆಟ್. ನಾನು ತಿಂಗಳುಗಟ್ಟಲೆ ಸಾಲಾಗಿ ನಿಲ್ಲಿಸಿ ಲೆಕ್ಕ ಹಾಕಿದ್ದ ದನಗಳು ಬೇಲಿ ಹಾರಿ ಎಲ್ಲ ಕಡೆ ಮೇಯುತ್ತಿದ್ದವು. ಅಪ್ಪಯ್ಯ ಪ್ರತಿ ಸಲವೂ "ಎಂತಂತೆ?" ಎನ್ನುವುದು, ನಾನು ಪ್ರತಿ ಸಲವೂ "ಇದು ಮಗ್ಗೀಲಿಲ್ಲ" ಎನ್ನುವುದು. ಇವನು ಊರಿಗೆ ಹೋಗಿ, 'ಇವಳನ್ನ ಓದ್ಸಿದ್ದು ದಂಡ, ಬೇಗ ಒಂದು ಕಡೆ ಸೇರಿಸೋದೇ ಸೈ' ಎನ್ನುತ್ತಾನೆ ಎಂದು ಖಾತ್ರಿಯಾಯಿತು.

ಒಂದು ಹುಣಿಸೆ ಮರದ ನೆರಳಿನಲ್ಲಿ ನಿಂತಾಗ ಅಪ್ಪಯ್ಯನಿಗೆ ಬೆಳಗಿನಿಂದ ಹೊಟ್ಟೆಯೊಳಗಿದ್ದ ಪ್ರಶ್ನೆ ಹೊರಗೆ ಬಂತು.

"ಮದ್ವೆ ಆಗಿದ್ಯಾ ಕೇಳೇ."

ಇದು ಮಗ್ಗಿಯಲ್ಲಿತ್ತು. ಧೈರ್ಯವಾಗಿ ಕೇಳಿದೆ. "ಯು ಗೆಟ್ ಮ್ಯಾರೀಡ್?"

ಅವರು ಕೊಡೆಯ ತುದಿಯಿಂದ ಮಣ್ಣು ಕೆದಕುತ್ತಾ ನಕ್ಕರು. "ಐ ನೆವರ್ ಗಾಟ್ ರೌಂಡ್ ಟು ಇಟ್."

ಮಗ್ಗಿಯನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದೆ, ಇರಲಿಲ್ಲ. ಅವರಿಗೆ ನನ್ನ ಪಾಡು ತಿಳಿಯಿತು. ಕೊಡೆಯಿಂದ ಮಣ್ಣಿನ ಮೇಲೆ ಒಂದು ಸುತ್ತು ಬರೆದರು, ಅದರ ಮೇಲೆ ಇನ್ನೊಂದು ಸುತ್ತು, ಮತ್ತೊಂದು. ಸುತ್ತುಗಳಿಂದ ದೂರದಲ್ಲಿ ಒಂದು ಚುಕ್ಕೆ ಇಟ್ಟು, ಎರಡೂ ಕೈ ಅಲ್ಲಾಡಿಸಿದರು.

ಅಪ್ಪಯ್ಯ ಮಣ್ಣಿನ ಮೇಲಿನ ಗೀಟುಗಳನ್ನೇ ನೋಡಿದ. "ಹೋ" ಎಂದ. "ಊರೂರು ಸುತ್ತಾದೇ ಆಯ್ತು, ಅಲ್ಲಿಗೆ ಹೋಗಾಕೆ ಪುರಸೊತ್ತಾಗ್ಲಿಲ್ಲ ಅಂತಾರೆ ಕಣೇ."

ಇಂಗ್ಲಿಷು ಮುಗಿಸಿದವಳು ನಾನು, ಅರ್ಥ ಹೇಳಿದವನು ಅವನು.

ಬಳ್ಳಿಗಾವಿಯ ಗುಡಿ ಮುಟ್ಟಿದೆವು. ಗುಡಿಯ ಹತ್ತಿರದ ಮನೆಯವರಿಗೆ ಅಪ್ಪಯ್ಯ ಅವರನ್ನು ಒಪ್ಪಿಸಿ, ನೀರು ಕೊಡಿಸಿ, ಕೈ ಮುಗಿದ. ಅವರು ನನ್ನ ಕೆನ್ನೆ ತಟ್ಟಿ, "ಯು ಆರ್ ಗೆಟ್ಟಿಂಗ್ ಬೆಟರ್" ಎಂದರು.

"ನಂಗೆ ಹುಷಾರಾಗ್ತಾ ಐತೆ ಅಂತಾರೆ" ಎಂದೆ ಅಪ್ಪಯ್ಯನಿಗೆ.

"ನಿಂಗೆಂತಾಗಿತ್ತೇ?"

ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತಾ ಕೂತೆವು. ಅಪ್ಪಯ್ಯ ಎಲೆಯಡಿಕೆ ಹಾಕಿಕೊಂಡ. ನಾನು ಕಾಲ್ಬೆರಳಿನ ಮಣ್ಣು ಉದುರಿಸುತ್ತಾ ಬೈಗುಳಕ್ಕೆ ಕಾದೆ.

"ನಿನ್ನೆ ಹೇಳ್ದ್ಯಲ್ಲ ಮಗ್ಗಿ. ಅದೆಲ್ಲ ಒಂದೇ ಪದಾನಾ?"

"ಹೂಂ."

"ಆಯಮ್ಮ ಹೇಳಿದ್ದೂ ಅದೇ ಪದ?"

"ಹೂಂ."

"ಅವರು ಹೇಳಿದ್ರಲ್ಲಿ ನಿಂಗೆ ಬಂದಿದ್ದು ಎರಡೋ ಮೂರೋ."

ನಾನು ಇನ್ನೊಂದು ಕಾಲಿನ ಮಣ್ಣು ಉದುರಿಸತೊಡಗಿದೆ.

ಅಪ್ಪಯ್ಯ ಎದ್ದು ರಸ್ತೆಯಾಚೆ ಹೋಗಿ ಉಗುಳಿ ಬಂದ. "ನಾನೆಂತ ತಿಳ್ಕಂಡಿದ್ದೆ, ಕಾಳು ಬಲ್ತು ಕೊಯ್ಲಿಗೆ ಬಂದೈತೆ ಅಂತ. ಕೈಲಿ ಹಿಡಿದು ಹಿಸುಕಿ ನೋಡಿದ್ರೆ ಬರೀ ಹಾಲು. ಒಂದು ಪದಾನೇ ಬಲ್ತಿಲ್ಲ. ಹಾಲುಗಾಳು ಕೊಯ್ದ್ರೆ ಅತ್ಲಾಗೆ ಅಕ್ಕೀನೂ ಇಲ್ಲ, ಇತ್ಲಾಗೆ ಬೀಜಾನೂ ಇಲ್ಲ."

ನನಗೆ ಅಳು ಬಂತು. ಬರುತ್ತಾ ಬರುತ್ತಾ ಅರ್ಧದಲ್ಲಿ ನಿಂತಿತು. ಹಾಲುಗಾಳನ್ನು ಯಾರೂ ಕೊಯ್ಯುವುದಿಲ್ಲ. ಬಿಡುತ್ತಾರೆ. ಗದ್ದೆಯಲ್ಲೇ ಬಿಡುತ್ತಾರೆ. ಅದು ಅವನು ಬೈದ ಬೈಗುಳವೋ ಕೊಟ್ಟ ತೀರ್ಪೋ ಎಂದು ಅವನ ಮುಖ ಓರೆಗಣ್ಣಿನಲ್ಲಿ ನೋಡಿದೆ. ಅವನು ಶಿಕಾರಿಪುರದ ಕಡೆಯ ರಸ್ತೆ ನೋಡುತ್ತಿದ್ದ. ಕಬ್ಬಿಣ ಕಾದಿದೆ ಎಂದು ತಿಳಿದು ಒಂದು ಪೆಟ್ಟು ಹಾಕಿದೆ.

"ಇಂಥ ಪದ ಇನ್ನೂ ಇದಾವಂತೆ ಅಪ್ಪಯ್ಯ. ಟೇಕ್ ಅಂತ ಒಂದು. ಪುಟ್ ಅಂತ ಒಂದು."

"ಅವೂ ಹಿಂಗೇನಾ? ಬೇಲಿ ಹಾರಾವಾ?"

"ಇದಕ್ಕಿಂತ ಜೋರಂತೆ."

"ಅಯ್ಯೋ ಶಿವನೇ" ಎಂದು ಟವೆಲಿನಿಂದ ಮುಖ ಒರೆಸಿಕೊಂಡ. "ಈ ಬಿಳೀ ಜನ ಇಷ್ಟೆಲ್ಲ ಮಾತಾಡಿಕೊಂಡು ಉಣ್ಣಾದು ಯಾವಾಗ್ಲೋ!"

ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸಿನ ಧೂಳು ದೂರದಲ್ಲಿ ಕಂಡಿತು. ನಾವು ಕಾಯುತ್ತಿದ್ದುದು ಎದುರಿನ ದಿಕ್ಕಿನದಕ್ಕೆ. ಅಪ್ಪಯ್ಯ ರಸ್ತೆಯ ಮಧ್ಯಕ್ಕೆ ಹೋಗಿ ಟವೆಲು ಬೀಸಿದ. ಬಸ್ಸು ನಿಂತಿತು.

"ಎಲ್ಲಿಗ್ರೀ?" ಎಂದ ಕಂಡಕ್ಟರು.

"ಇವಳೊಬ್ಳು, ಶಿಕಾರಿಪುರಕ್ಕೆ. ಹೈಸ್ಕೂಲು ಓದ್ತಾ ಐತೆ. ಮುಗಿಯಾಕೆ ಇನ್ನೂ ಭಾಳ ಕಾಲ ಐತೆ" ಎಂದು ಅಪ್ಪಯ್ಯ ಹೇಳಿದ, ಕೇಳದೆ ಇದ್ದದ್ದನ್ನೂ ಸೇರಿಸಿ. ನನ್ನ ರಟ್ಟೆ ಹಿಡಿದು ಮೆಟ್ಟಿಲಿಗೆ ಏರಿಸಿದ. "ಪರೀಕ್ಷೆಗೆ ಕೂತ್ಕಾ. ಮುಂದಿನ ವರ್ಷಕ್ಕೂ ಅಕ್ಕಿ ಕಳಿಸ್ತೀನಿ ಅಂತ ಅತ್ತೆಗೆ ಹೇಳು. ಸುಗ್ಗಿ ಗಿಗ್ಗಿ ಅಂತ ನಾನಿನ್ನು ಕೇಳಲ್ಲ."

"ಅಪ್ಪಯ್ಯ, ನನ್ನ ಟ್ರಂಕು!"

ಟ್ರಂಕು ಆ ಹೊತ್ತಿಗೆ ಸೊರಬದ ಚಾದಂಗಡಿಯಲ್ಲಿತ್ತು. ಅದರೊಳಗೆ ನನ್ನ ಲಂಗ ದಾವಣಿ, ಸ್ಲೇಟು, ಬಾಚಣಿಗೆ ಎಲ್ಲ ಇದ್ದವು.

"ನಾಳೆ ಬಸ್ಸಿಗೆ ಹಾಕ್ತೀನಿ. ಅಲ್ಲೀವರೆಗೆ ನಿಮ್ಮತ್ತೆ ಸೀರೆ ಉಟ್ಕಂಡು ಓದು."

ಉಟ್ಟುಕೊಂಡೇ ಓದಿದೆ. ಅತ್ತೆಯ ಸೀರೆಯಲ್ಲಿ ಮೂರು ಸುತ್ತು ಸುತ್ತಿಕೊಂಡು ಶಾಲೆಗೆ ಹೋದಾಗ ಮೇಷ್ಟರು, "ಹೊಸಾ ಟೀಚರು ಬಂದ್ರಲ್ರಮ್ಮಾ, ಎದ್ದು ನಿಲ್ರಿ" ಎಂದು ಇಡೀ ಕ್ಲಾಸನ್ನು ಎಬ್ಬಿಸಿದರು. ಪರೀಕ್ಷೆಗೂ ಕೂತೆ, ಮುಂದಿನ ವರ್ಷಕ್ಕೂ ಹೋದೆ, ಹೈಸ್ಕೂಲು ಪೂರ್ತಿ ಮಾಡಿದೆ. ಬೆತ್ತವೂ ಕೈಗೆ ಬಂತು. ಆ ಕಥೆ ನನ್ನ ಹತ್ತಿರ ಪೆಟ್ಟು ತಿಂದವರೇ ಹೇಳಬೇಕು.

ಟ್ರಂಕು ತಂದುಕೊಟ್ಟವನು ಅಪ್ಪಯ್ಯನೇ. ಬಸ್ಸಿಗೆ ಹಾಕಲು ನಂಬಿಕೆ ಸಾಲದೆ ತಾನೇ ಹೊತ್ತುಕೊಂಡು ಬಂದಿದ್ದ. ಕೂತು ಬೆಲ್ಲ ನೀರು ಕುಡಿಯುತ್ತಾ ಅತ್ತೆಗೆ ಹಿಂದಿನ ದಿನದ ಸಂಗತಿ ಹೇಳಿದ. ನನ್ನನ್ನು ಬಸ್ಸು ಹತ್ತಿಸಿದ ಮೇಲೆ ಅವನಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲವಂತೆ. ಆ ತಾಯಿಗೆ ಊಟ ಗೀಟ ಆಯಿತೋ ಇಲ್ಲವೋ ನೋಡೋಣವೆಂದು ಮತ್ತೆ ಗುಡಿಗೆ ಹೋದನಂತೆ. ಅವರು ಒಂದು ಶಾಸನದ ಕಲ್ಲಿನ ಮುಂದೆ ಕೂತು ಒದ್ದೆ ಬಟ್ಟೆಯಲ್ಲಿ ಅದರ ಧೂಳು ಒರೆಸುತ್ತಿದ್ದರು. ಇವನು ಬಾವಿಯಿಂದ ನೀರು ಸೇದಿ ತಂದುಕೊಡುತ್ತಾ ಸಂಜೆಯವರೆಗೂ ಅಲ್ಲೇ ಇದ್ದ. ತಾವು ಎಲ್ಲಿಯವರು, ಮನೆಯಲ್ಲಿ ಯಾರಿದ್ದಾರೆ, ಮುಂದೆ ತಾಳಗುಂದಕ್ಕೆ ಹೋಗಬೇಕು ಎಂಬುದನ್ನೆಲ್ಲ ಅವರು ಹೇಳಿದರು. ತನ್ನ ಗದ್ದೆ, ಎತ್ತು, ಮಕ್ಕಳು, ಸಾಯದೆ ಸತ್ತ ಭಾವಮೈದುನ ಎಲ್ಲವನ್ನೂ ಇವನು ಹೇಳಿದ.

"ಭಾಷೀನೇ ಇಲ್ದ ಅದ್ಹೆಂಗ ಮಾತಾಡಿದ್ರೋ ನೀವು!" ಎಂದಳು ಅತ್ತೆ.

"ಅದೇ ನಂಗೂ ಆಶ್ಚರ್ಯ ಕಣೇ" ಎಂದ ಅಪ್ಪಯ್ಯ, ಲೋಟ ಕೆಳಗಿಟ್ಟು. "ಬೆಳಿಗ್ಗೆ ಇವಳು ನಡುವೆ ಇದ್ದಾಗ ಒಂದೂ ತಿಳೀತಿರ್ಲಿಲ್ಲ. ಇವಳನ್ನ ಕಳ್ಸಿದ ಮೇಲೆ ಎಲ್ಲ ಸಲೀಸಾಗಿ ತಿಳೀತು."